ಮುದುಕಮ್ಮ ಎದ್ದರೆ ಇಂಟರ್ವೆಲ್

ಮುದುಕಮ್ಮನಿಗೆ ತೊಟ್ಟಿಲಲ್ಲೇ ಮುದುಕಮ್ಮ ಎಂದು ಹೆಸರಿಟ್ಟಿದ್ದರು. ಮುಕ್ಕುಂದದಲ್ಲಿ ಅದು ಅವರ ಮನೆದೇವರ ಹೆಸರು, ನಗುವಂಥದ್ದೇನಿರಲಿಲ್ಲ. ಮದುವೆಯಾಗಿ ಮಸ್ಕಿಗೆ ಬಂದಾಗ ಮಾತ್ರ ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು, “ಬಸ್ಸಪ್ಪ ಹೋಗಿ ಹೋಗಿ ಮುದುಕಮ್ಮನ್ನ ಕಟಿಗೊಂಡು ಬಂದಾನ” ಎಂದು ನಕ್ಕಿದ್ದರು. ಆಗ ಅವಳಿಗೆ ಹದಿನೆಂಟು. ಈಗ ಎಪ್ಪತ್ತೆರಡು. ಬಸ್ಸಪ್ಪ ಹೋಗಿ ಹನ್ನೊಂದು ವರ್ಷವಾಯಿತು, ನಕ್ಕ ಹೆಂಗಸರಲ್ಲೂ ಅರ್ಧ ಜನ ಹೋದರು. “ನನ್ನ ಹೆಸರು ನನ್ನ ಹಿಡಿಯಾಕ ಐವತ್ತು ವರ್ಷ ಓಡಿ ಬಂತು ನೋಡ್ರಿ” ಎಂದು ಈಗ ಅವಳೇ ಹೇಳಿ ನಗುತ್ತಾಳೆ.

ಓದಿದ್ದು ಎರಡನೆಯ ಇಯತ್ತೆ. ಬಸ್ಸಿನ ಬೋರ್ಡು ಓದುತ್ತಾಳೆ, ಅದೂ ಬಸ್ಸು ನಿಂತಿದ್ದರೆ. ಆದರೆ ಕಿವಿಯ ವಿಷಯದಲ್ಲಿ ಮಸ್ಕಿಯಿಂದ ಸಿಂಧನೂರಿನವರೆಗೆ ಅವಳ ಸರಿಸಮ ಇಲ್ಲ. ಐವತ್ತು ವರ್ಷದಲ್ಲಿ ಸಾವಿರಾರು ನಾಟಕ ಕೇಳಿದ್ದಾಳೆ. ಒಂದನ್ನೂ ನೋಡಿಲ್ಲ.

ಕಾರಣ, ಮಿರ್ಚಿ.

ನಾಟಕದ ಕಂಪನಿ ಸಿಂಧನೂರಿನಲ್ಲಿ ಮೂರು ತಿಂಗಳು, ಲಿಂಗಸುಗೂರಿನಲ್ಲಿ ಎರಡು ತಿಂಗಳು, ಮಸ್ಕಿಯಲ್ಲಿ ಒಂದು ತಿಂಗಳು ಕ್ಯಾಂಪು ಹಾಕುತ್ತಿದ್ದ ಕಾಲದಲ್ಲಿ ಬಸ್ಸಪ್ಪನೂ ಮುದುಕಮ್ಮನೂ ಸ್ಟೋವು ಕಡಾಯಿ ಹೊತ್ತುಕೊಂಡು ಅದರ ಹಿಂದೆಯೇ ಹೋಗುತ್ತಿದ್ದರು. ಥಿಯೇಟರಿನ ಸುತ್ತ ತಗಡು ಹೊಡೆದಿರುತ್ತಿದ್ದರಲ್ಲ, ಹೆಂಗಸರು ಕೂರುವ ಕಡೆಗೆ ಎರಡು ತಗಡಿನ ನಡುವೆ ಒಂದು ಗೇಣಿನ ಸಂದು. ಆ ಸಂದಿಗೆ ಬೆನ್ನು ಕೊಟ್ಟು, ಮುಖ ರಸ್ತೆಗೆ ಮಾಡಿ, ಮಣೆಯ ಮೇಲೆ ಮುದುಕಮ್ಮ ಕೂರುತ್ತಿದ್ದಳು. ಮುಖ ರಸ್ತೆಗೆ ಯಾಕೆಂದರೆ ಬುಟ್ಟಿಗೆ ನಾಯಿ ಬಾಯಿ ಹಾಕಬಾರದು. ಬೆನ್ನು ಸಂದಿಗೆ ಯಾಕೆಂದರೆ ಕೆಲಸವೆಲ್ಲ ಕಿವಿಯ ಮೇಲೆ ನಡೆಯುತ್ತಿತ್ತು.

ಇಂಟರ್ವೆಲ್ಲಿಗೆ ಜನ ಹೊರಬಿದ್ದಾಗ ಮಿರ್ಚಿ ಬಿಸಿ ಇರಬೇಕು. ಮೊದಲೇ ಕರಿದಿಟ್ಟರೆ ಮೆತ್ತಗಾಗುತ್ತದೆ, ಜನ ಬಂದಮೇಲೆ ಕರಿಯಲು ಕೂತರೆ ಬೆಲ್ಲು ಹೊಡೆದು ಎಲ್ಲರೂ ಒಳಗೆ ಓಡುತ್ತಾರೆ. ನಾಟಕವೆಂದರೆ ದಿನಕ್ಕೊಂದು ಥರ. ಒಂದು ದಿನ ಒಂದು ಅಂಕ ಮುಕ್ಕಾಲು ತಾಸು, ಮರುದಿನ ಹಾಸ್ಯದವನಿಗೆ ಹುರುಪು ಬಂದರೆ ಒಂದೂಕಾಲು. ಗಡಿಯಾರ ನೋಡಿದರೆ ಕೆಡುತ್ತಿತ್ತು. ಆದ್ದರಿಂದ ನಾಯಕಿ ಅಳುವ ಹಾಡು ಎತ್ತಿಕೊಂಡಳೆಂದರೆ ಹಿಟ್ಟು ಕಲಸುವುದು. ಹಾಸ್ಯದವನ ಮಾತಿಗೆ ಹಿಂದಿನ ಬೆಂಚಿನ ನಗೆ ಸಣ್ಣಗಾಯಿತೆಂದರೆ, ಮಣೆಯಿಂದ ಎದ್ದು ಸ್ಟೋವು ಹೊತ್ತಿಸುವುದು. ಖಳನಾಯಕ ಗಹಗಹಿಸಿದನೆಂದರೆ ಮೊದಲ ಘಾಣ, ಅಂದರೆ ಒಮ್ಮೆಗೆ ಕಡಾಯಿ ಹಿಡಿಯುವಷ್ಟು ಮಿರ್ಚಿ, ಎಣ್ಣೆಗೆ. ಪರದೆ ಬೀಳುವುದಕ್ಕೂ ಮಿರ್ಚಿ ತೇಲಿ ಮೇಲೆ ಬರುವುದಕ್ಕೂ ಸರಿಹೋಗುತ್ತಿತ್ತು.

ಸಂದಿನ ಹತ್ತಿರ ಕೂತ ಹೆಂಗಸರು ಇದನ್ನು ಬಹಳ ಬೇಗ ಕಂಡುಹಿಡಿದರು. ಮುದುಕಮ್ಮನ ಬೆನ್ನು ತಗಡಿನಿಂದ ಎದ್ದಿತೆಂದರೆ ಅಂಕ ಮುಗಿಯಿತೆಂದೇ ಅರ್ಥ. ಅವರು ಮಕ್ಕಳನ್ನು ಎಬ್ಬಿಸಿಕೊಂಡು ಏಳುವರು, ಅವರನ್ನು ಕಂಡು ಗಂಡಸರು ಏಳುವರು. ಕೊನೆಕೊನೆಗೆ ಪರದೆ ಎಳೆಯುವವನೂ ಒಳಗಿನಿಂದ ಬಗ್ಗಿ ನೋಡಿ, “ಮುದುಕವ್ವ ಎದ್ದಳೇನ್ರಿ?” ಎಂದು ಕೇಳತೊಡಗಿದ. ಮುದುಕಮ್ಮ ಎದ್ದರೆ ಇಂಟರ್ವೆಲ್. ಮೂರೂ ಊರಿನಲ್ಲಿ ಇದು ಕಾಯ್ದೆಯಂತೆ ನಡೆಯಿತು.

ಹೀಗೆ ಕೇಳಿ ಕೇಳಿ ಅವಳಿಗೆ ನಟರಿಗಿಂತ ಪ್ರೇಕ್ಷಕರ ಗುಣ ಹೆಚ್ಚು ಗೊತ್ತಾಯಿತು. ಸಿಂಧನೂರಿನವರು ಕಾಲುವೆ ನೀರು ಕುಡಿದವರು, ದನಿ ದೊಡ್ಡದು, ತಾಳ್ಮೆ ಸಣ್ಣದು. ಪಲ್ಲವಿ ಮುಗಿಯುವುದರೊಳಗೇ ಒನ್ಸ್ ಮೋರ್. ಹಾಡಿಗಷ್ಟೇ ಅಲ್ಲ, ಒಮ್ಮೆ ರಾಜನೊಬ್ಬ ಸತ್ತದ್ದು ಚೆಂದವಾಯಿತೆಂದು ಅದಕ್ಕೂ ಒನ್ಸ್ ಮೋರ್ ಎಂದರು. ಪಾಪ, ರಾಜ ಎದ್ದು ಎರಡನೆಯ ಸಲ ಸತ್ತ. ಮೂರನೆಯ ಸಲಕ್ಕೆ ಎದ್ದು ಕೂತು, “ಯಪ್ಪಾ, ಸೊಂಟ ಹಿಡಿದೈತಿ, ನಾಳಿಗೆ ಬರ್ರಿ, ಮತ್ತ ಸಾಯ್ತೀನಿ” ಎಂದು ಕೈಮುಗಿದ. ಲಿಂಗಸುಗೂರಿನವರು ನೌಕರಿ ಜನ. ಮುಂದಿನ ಸಾಲಿನ ಸಾಹೇಬರು ಚಪ್ಪಾಳೆ ಹೊಡೆದಮೇಲೆ ಹೊಡೆಯುವವರು. ಸಾಹೇಬರು ನಿದ್ದೆ ಹೋದ ದಿನ ಎಂಥ ನಾಟಕವೂ ಬಿದ್ದುಹೋಗುತ್ತಿತ್ತು. ಮಸ್ಕಿಯವರು ಅಳುವುದರಲ್ಲಿ ಗಟ್ಟಿಗರು. ಮೂಗು ಒರೆಸಿಕೊಳ್ಳುತ್ತಲೇ ಹೊರಗೆ ಬಂದು, “ಯಾಕಬೇ ಮುದುಕವ್ವ, ಇವತ್ತ ಮೆಣಸಿನಕಾಯಿಗೆ ಖಾರನ ಇಲ್ಲ?” ಎನ್ನುವರು. ಪಾಮನಕಲ್ಲೂರಿನವರು ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದರು. ಹಾಡು ಹೇಗಿದ್ದರೂ ಸರಿ, ಬಂದವರೆಲ್ಲ ತಿರುಗಿ ಟ್ರ್ಯಾಕ್ಟರ್ ಹತ್ತಿದರೆ ಅವರಿಗೆ ನಾಟಕ ಛಲೋ ಆಯಿತು.

ನಡುವೆ ನಾಲ್ಕು ವರ್ಷ ಟಾಕೀಸಿನ ಮುಂದೆಯೂ ಕಡಾಯಿ ಇಟ್ಟಿದ್ದಳು. ಅದು ಅವಳಿಗೆ ಸೇರಲಿಲ್ಲ. ಪಿಚ್ಚರಿನ ಇಂಟರ್ವೆಲ್ ದಿನಾಲೂ ಅದೇ ಮಾತಿಗೆ, ಅದೇ ಗುಂಡಿನ ಸದ್ದಿಗೆ. ಒಂದು ವಾರ ಕಳೆದರೆ ಕಣ್ಣು ಮುಚ್ಚಿಕೊಂಡು ಕರಿಯಬಹುದು. “ಜನ ಅಷ್ಟ ಸೀಟಿ ಹೊಡೀತಾರ, ಆ ಹೀರೋ ಒಂದ ಸರ್ತಿನೂ ಹೊಳ್ಳಿ ನೋಡಂಗಿಲ್ಲ. ಕಿವುಡನ ಮುಂದ ಸೀಟಿ ಹೊಡದಂಗ” ಎಂದು ಮತ್ತೆ ಕಂಪನಿಗೇ ಬಂದಳು.

ಕಂಪನಿಯ ನಟರನ್ನು ಅವಳು ದನಿಯಿಂದ ಬಲ್ಲಳೇ ಹೊರತು ಮುಖದಿಂದಲ್ಲ. ಒಮ್ಮೆ ಲಿಂಗಸುಗೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಸಣಕಲು ಮನುಷ್ಯ ಕಂಡಕ್ಟರನಿಗೆ “ಒಂದು ಮಸ್ಕಿ” ಎಂದ. ಮುದುಕಮ್ಮ ಹೌಹಾರಿ ಎದ್ದು ನಿಂತಳು. ಹದಿನೈದು ವರ್ಷದಿಂದ ದಿನಾಲೂ ನಾಯಕಿಯ ಸೀರೆಗೆ ಕೈಹಾಕಿದ ಖಳನಾಯಕ ಅವನೇ! ಆತನೋ, ಮಡಿಲಲ್ಲಿ ಮೊಮ್ಮಗನ ಪೋಲಿಯೋ ಹನಿಯ ಚೀಟಿ ಹಿಡಿದುಕೊಂಡು ಕೂತಿದ್ದ.

ಈಗ ಕಂಪನಿಗಳು ಅಪರೂಪ. ಮುದುಕಮ್ಮ ಮಸ್ಕಿಯ ಬಸ್‌ಸ್ಟ್ಯಾಂಡಿನ ಹತ್ತಿರ ಬೆಳಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುತ್ತಾಳೆ. ತಾಲೂಕು ಕಚೇರಿಯಲ್ಲಿ ನೌಕರಿ ಮಾಡುವ ಮೊಮ್ಮಗಳು ಅಮೂಲ್ಯಾ “ಬಿಟ್ಟುಬಿಡು ಅಜ್ಜೀ” ಎನ್ನುತ್ತಾಳೆ. ಅವಳೇ ಒಂದು ದಿನ ಫೋನು ತಂದು ಮುಂದೆ ಹಿಡಿದಳು.

“ಇದು ಒಪೆರಾ ಅಂತ ಅಜ್ಜೀ. ಫಾರಿನ್ನಿನವರ ದೊಡ್ಡಾಟ.”

ಮುದುಕಮ್ಮ ಅಭ್ಯಾಸದಂತೆ ಫೋನಿಗೆ ಬೆನ್ನು ಮಾಡಿ ಕೂತು ಕೇಳಿದಳು. ಹೆಣ್ಣುದನಿಯೊಂದು ಮುಗಿಲಿಗೆ ಏಣಿ ಹಾಕಿ ಹತ್ತುತ್ತಿತ್ತು.

“ಏನಾಗೈತಿ ಆಕಿಗೆ?”

“ಚೂರಿ ಚುಚ್ಚ್ಯಾರ. ಸಾಯಾಕತ್ತ್ಯಾಳ.”

“ಚುಚ್ಚಿ ಎಷ್ಟೊತ್ತಾತು?”

“ಹತ್ತು ನಿಮಿಷ ಆಗಿರಬೇಕು.”

“ಹತ್ತು ನಿಮಿಷದಾಗ ಎರಡು ಘಾಣ ಆಗ್ತಾವಲ್ಲಬೇ! ಸಾಯೂ ಹೊತ್ತಿಗೆ ಅಷ್ಟ ದಮ್ಮು ಇದ್ದಾಕಿ ಚುಚ್ಚಾಕ ಬಂದವನ್ನ ಒಂದು ದಬ್ಬಿದ್ದರ ಮುಗೀತಿತ್ತು.” ಸ್ವಲ್ಪ ಹೊತ್ತು ಕೇಳಿ, “ಅದಿರಲಿ, ಅಲ್ಲಿ ಜನ ಅದಾರಿಲ್ಲೋ? ಒಬ್ಬರೂ ಕೆಮ್ಮವಲ್ಲರು” ಎಂದಳು.

“ಮೂರು ಸಾವಿರ ಜನ ಅದಾರ.”

“ಮೂರು ಸಾವಿರ ಜನ ಕುಂತು ಒಂದು ಕೆಮ್ಮಿಲ್ಲ? ಹೊರಗ ಯಾರೂ ಏನೂ ಕರಿಯಾಕತ್ತಿಲ್ಲ ಹಂಗಾದ್ರ” ಎಂದು ಮುದುಕಮ್ಮ ತೀರ್ಪು ಕೊಟ್ಟಳು.

ಹೀಗೆಲ್ಲ ತಮಾಷೆ ಮಾಡುವ ಮುದುಕಮ್ಮನ ಹೊಟ್ಟೆಯಲ್ಲಿ ಒಂದು ಮುಳ್ಳಿತ್ತು. ಅದು ಗೊತ್ತಿದ್ದದ್ದು ಇಬ್ಬರಿಗೆ. ಅವಳಿಗೆ, ಮತ್ತೆ ಜಿಲಾನಿಸಾಬನಿಗೆ. ಜಿಲಾನಿಸಾಬ ಕಂಪನಿಯ ಮೈಕು ಕಟ್ಟುತ್ತಿದ್ದವ, ಅವಳಿಗಿಂತ ಐದು ವರ್ಷ ಸಣ್ಣವ, ಅವಳನ್ನು ಅಕ್ಕಾ ಎಂದು ಕರೆಯುವವ.

ಮೂವತ್ತೈದು ವರ್ಷದ ಹಿಂದಿನ ಮಾತು. ಮಸ್ಕಿ ಕ್ಯಾಂಪಿನಲ್ಲಿ ಒಂದು ಸಂಜೆ ನಾಯಕಿಯ ಬಸ್ಸು ಕೆಟ್ಟು ಎಲ್ಲೋ ನಿಂತಿತು. ಅವಳಿಲ್ಲದ ದೃಶ್ಯಗಳನ್ನು ಆಡಿ ಮುಗಿಸಿದರು, ಅವಳು ಬರುವತನಕ ಹೊತ್ತು ತುಂಬಿಸಬೇಕಲ್ಲ. ಮಾಲೀಕರು ಅಮರಗುಂಡಪ್ಪ ಎಂಬ ಇಪ್ಪತ್ತೈದರ ಹುಡುಗನನ್ನು ಹಾಡಲು ಕೂರಿಸಿದರು. ಗುರುಗುಂಟೆ ಕಡೆಯವ, ಗವಾಯಿಗಳ ಹತ್ತಿರ ಹತ್ತು ವರ್ಷ ಸಂಗೀತ ಕಲಿತು ಬಂದವ, ಅವತ್ತೇ ಅವನ ಮೊದಲ ಕಚೇರಿ. ಅವನು ಕಣ್ಣು ಮುಚ್ಚಿ “ಆ…” ಎಂದು ಶುರುಮಾಡಿದ. ಮಾತಿಲ್ಲ, ತಾಳವಿಲ್ಲ. ಹೊರಗೆ ಬೆನ್ನು ಕೊಟ್ಟು ಕೂತಿದ್ದ ಮುದುಕಮ್ಮ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಮುಂದಿನ ಅಂಕಕ್ಕೆ ಶ್ರುತಿ ಹಚ್ಚಿಕೊಳ್ಳುತ್ತಿದ್ದಾರೆ ಎಂದುಕೊಂಡಳು. “ಅಯ್ಯ ನನ್ನ ಬಾಳೇ, ಪರದಿ ಬಿದ್ದುಬಿಟ್ಟೈತಿ, ನನಗ ಗೊತ್ತ ಆಗಿಲ್ಲ!” ಎಂದು ದಡಬಡಿಸಿ ಎದ್ದಳು. ಸ್ಟೋವು ಹತ್ತಿತು, ಎಣ್ಣೆ ಕಾಯಿತು, ಐವತ್ತು ಮಿರ್ಚಿ ಒಮ್ಮೆಲೇ ಬಿದ್ದವು.

ಅವಳು ಎದ್ದದ್ದನ್ನು ಕಂಡು ಹೆಂಗಸರು ಎದ್ದರು. ಗಂಡಸರು ಎದ್ದರು. ಐದು ನಿಮಿಷದಲ್ಲಿ ಥಿಯೇಟರು ಖಾಲಿ. ಹುಡುಗ ಕಣ್ಣು ತೆರೆದಾಗ ಎದುರಿಗೆ ನಾಲ್ಕುನೂರು ಖಾಲಿ ಕುರ್ಚಿ, ಬಗಲಲ್ಲಿ ಮೈಕಿನ ವಾಯರು ಹಿಡಿದುಕೊಂಡ ಜಿಲಾನಿಸಾಬ.

“ಈ ಮಸ್ಕಿ ಸೀಮ್ಯಾಗ ಇನ್ನ ಬಾಯಿ ತೆಗೆಯಂಗಿಲ್ಲ. ಇಲ್ಲಿ ಜನಕ್ಕ ಕಿವಿನ ಇಲ್ಲ” ಎಂದು ಹೇಳಿ ಹುಡುಗ ತಂಬೂರಿ ಹೆಗಲಿಗೇರಿಸಿಕೊಂಡು ಹೋದ. ಹೋದವನು ಧಾರವಾಡ ಸೇರಿ ದೊಡ್ಡ ಗವಾಯಿಯಾದ. ಪುಣೆಯಲ್ಲಿ ಹಾಡಿದ, ಕಲಕತ್ತೆಯಲ್ಲಿ ಹಾಡಿದ. ಹುಟ್ಟಿದ ಸೀಮೆಯಲ್ಲಿ ಮಾತ್ರ ಹಾಡಲಿಲ್ಲ. “ಕಿವಿ ಇಲ್ಲದ್ದು ಯಾರಿಗೆ ಅಂತ ನಾ ಅವನಿಗೆ ಹೇಳಲಿಲ್ಲಕ್ಕಾ” ಎಂದು ಜಿಲಾನಿಸಾಬ ಮರುದಿನ ಪಿಸುಗುಟ್ಟಿದ್ದ. ಊರವರೆಲ್ಲ, ನಮ್ಮ ಜನಕ್ಕೆ ಸಂಗೀತ ಬೇಡವಾಯಿತು ನೋಡು ಎಂದು ತಮ್ಮನ್ನೇ ಬೈದುಕೊಂಡರು. ಯಾರಾದರೂ ಅಮರಗುಂಡಪ್ಪನವರ ಹೆಸರೆತ್ತಿದರೆ ಮುದುಕಮ್ಮ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತಿದ್ದಳು.

ಹೋದ ವರ್ಷ ಕಾರ್ತೀಕದಲ್ಲಿ ಒಂದು ಬೆಳಗ್ಗೆ ಚನ್ನವೀರ ಸರ್ ಅವಳ ಗಾಡಿಯ ಹತ್ತಿರ ಬಂದರು. ಹೈಸ್ಕೂಲಿನಿಂದ ನಿವೃತ್ತರಾದವರು, ಊರಿಗೆ ಏನಾದರೂ ಒಳ್ಳೆಯದು ಮಾಡಬೇಕೆಂಬ ಚಟ. ಮುಖ ಹೊಳೆಯುತ್ತಿತ್ತು.

“ಮುದುಕವ್ವ, ಅಮರಗುಂಡಪ್ಪ ಗವಾಯಿಗಳು ಒಪ್ಯಾರ! ಎಂಟು ವರ್ಷ ಬೆನ್ನು ಹತ್ತಿದ್ದೆ. ಬರೂ ಐತವಾರ ಮುಂಜಾನಿ ಏಳಕ್ಕ, ಕಲ್ಯಾಣಮಂಟಪದಾಗ.”

ಮುದುಕಮ್ಮನ ಕೈಯಲ್ಲಿದ್ದ ಝಾರಿ ಕಡಾಯಿಗೆ ತಾಗಿ ಟಣ್ ಎಂದಿತು.

“ಒಂದು ಶರತ್ತು ಹಾಕ್ಯಾರ. ನಡುವ ಯಾರರೆ ಎದ್ದು ಹೊರಗ ಹೋದ್ರ, ಅಲ್ಲಿಗೇ ತಂಬೂರಿಗೆ ಗವಸು ಹಾಕಿ ಕಾರು ಹತ್ತತಾರಂತ. ಆಮ್ಯಾಲ ಈ ಜನ್ಮದಾಗ ಇತ್ತ ಬರಂಗಿಲ್ಲ. ಕಚೇರಿ ಮುಗಿದ ಮ್ಯಾಲ ಎಲ್ಲರಿಗೂ ಉಪಾಹಾರ ಅಂತ ಕಾರ್ಡಿನ್ಯಾಗ ಹಾಕ್ಸೀನಿ. ಇನ್ನೂರು ಮಂದಿಗೆ ಒಗ್ಗರಣಿ, ಮಿರ್ಚಿ ನಿಂದ. ಆದ್ರ ಅವರು ಹಾಡೂತನಕ ಒಲಿ ಹಚ್ಚಬ್ಯಾಡವ್ವ, ಕೈ ಮುಗೀತೀನಿ. ನಿನ್ನ ಎಣ್ಣಿ ವಾಸನಿ ಬಂತಂದ್ರ ಈ ಊರಾಗ ಸಂತರೂ ಕುಂದ್ರಂಗಿಲ್ಲ.”

“ಹಚ್ಚಂಗಿಲ್ಲ ಸರ. ನನ್ನ ಆಣಿ” ಎಂದಳು ಮುದುಕಮ್ಮ. ಸರ್ ಹೋದಮೇಲೆ ಹನ್ನೊಂದು ಮಿರ್ಚಿ ಹೊತ್ತಿ ಕರಿಯಾದವು. ಐವತ್ತು ವರ್ಷದಲ್ಲಿ ಅವಳ ಘಾಣ ಹೊತ್ತು ತಪ್ಪಿದ್ದು ಅದು ಎರಡನೆಯ ಸಲ.

ಸಂಜೆ ಜಿಲಾನಿಸಾಬನನ್ನು ಕಂಡು ಎಲ್ಲ ಹೇಳಿದಳು. ಆ ಕಚೇರಿಗೂ ಮೈಕು ಅವನದೇ.

“ಅಕ್ಕಾ, ನೀ ಹಿಂದ ಅಡಗಿಮನ್ಯಾಗ ಕುಂತ್ರ ಜನದ ಲಕ್ಷ್ಯ ಎಲ್ಲಾ ಅಡಗಿಮನಿ ಬಾಗಿಲಕ್ಕ ಇರತೈತಿ. ಒಳಗ ಬಂದು ಮುಂದಿನ ಸಾಲಿನ್ಯಾಗ ಕುಂದ್ರು. ನೀನ ಒಳಗಿದ್ದಿ ಅಂದ್ರ ಒಲಿ ಆರೇತಿ ಅಂತ ಜನಕ್ಕ ಖಾತ್ರಿ ಆಗತೈತಿ. ಆರಾಮ ಕೇಳ್ತಾರ.”

“ಐವತ್ತು ವರ್ಷ ಬೆನ್ನು ಕೊಟ್ಟು ಕೇಳೀನೋ ಸಾಬಣ್ಣ. ಮುಖ ಕೊಟ್ಟು ಹೆಂಗ ಕೇಳಬೇಕು?”

“ಕಣ್ಣು ಮುಚ್ಚು. ಅಲ್ಲಿ ದೊಡ್ಡ ಮಂದಿ ಎಲ್ಲಾ ಹಂಗ ಮಾಡೂದು” ಎಂದ ಜಿಲಾನಿಸಾಬ.

ಆ ಐತವಾರ ನಸುಕಿನಲ್ಲೇ ಮುದುಕಮ್ಮ ಮೆಣಸಿನಕಾಯಿ ಸೀಳಿ, ಹಿಟ್ಟು ಕಲಸಿಟ್ಟು, ಮಂಡಕ್ಕಿಗೆ ಉಳ್ಳಾಗಡ್ಡಿ ಹೆಚ್ಚಿಟ್ಟು, ಒಲೆಯನ್ನು ಮಾತ್ರ ಮುಟ್ಟದೆ, ಇಳಕಲ್ಲಿನ ಹಳೆಯ ಸೀರೆಯುಟ್ಟು ಜಮಖಾನೆಯ ಮೇಲೆ ಎಲ್ಲರಿಗಿಂತ ಮುಂದೆ ಹೋಗಿ ಕೂತಳು. ನೂರೈವತ್ತಕ್ಕೂ ಹೆಚ್ಚು ಜನ ಬಂದರು. ಲಿಂಗಸುಗೂರಿನ ನೌಕರರು, ಸಿಂಧನೂರಿನ ಅಕ್ಕಿ ವ್ಯಾಪಾರಿಗಳು, ಪಾಮನಕಲ್ಲೂರಿನ ಒಂದು ಟ್ರ್ಯಾಕ್ಟರು. ಕಾರ್ಡಿನಲ್ಲಿ ಉಪಾಹಾರ ಎಂದಿದ್ದರಿಂದ ಯಾರೂ ಮನೆಯಲ್ಲಿ ತಿಂದು ಬಂದಿರಲಿಲ್ಲ. ಸರಿಯಾಗಿ ಮುದುಕಮ್ಮನ ಬೆನ್ನಿಗೆ ಪದ್ಮಾವತಿ ಬಂದು ಕೂತಳು. ಕಂಪನಿಯ ಕಾಲದಲ್ಲಿ ತಗಡಿನ ಸಂದಿನ ಪಕ್ಕ ಕಾಯಂ ಜಾಗ ಹಿಡಿದಿದ್ದವಳು ಅವಳೇ.

ಗವಾಯಿಗಳು ಬಂದರು. ಅರವತ್ತರ ಆಸುಪಾಸು, ಬಿಳಿಯ ಅಂಗಿ, ಮುಖದಲ್ಲಿ ನಗೆ ಇಲ್ಲ. ಕೂತವರನ್ನೆಲ್ಲ ಒಮ್ಮೆ, ಪರೀಕ್ಷೆಯ ಕೋಣೆಗೆ ಬಂದ ಮಾಸ್ತರರಂತೆ ನೋಡಿದರು. ಕಣ್ಣು ಮುಚ್ಚಿದರು.

“ಆ…”

ಮುದುಕಮ್ಮ ಕಿವಿ ನೆಟ್ಟಳು. ಅದೇ ದನಿ. ಸ್ವಲ್ಪ ಒರಟಾಗಿದೆ, ಸ್ವಲ್ಪ ಆಳವಾಗಿದೆ, ಆದರೆ ಅದೇ. ಈ ಸಲ ಎಣ್ಣೆಯ ಚಿಂತೆ ಇಲ್ಲದ್ದರಿಂದ ಅವಳು ಪೂರ್ತಿ ಕೇಳಿದಳು. ಬಾವಿಗೆ ಹಗ್ಗ ಬಿಟ್ಟು ನೀರು ಎಷ್ಟು ಆಳಕ್ಕಿದೆ ಎಂದು ನೋಡುತ್ತಾರಲ್ಲ, ಹಾಗೆ ದನಿ ಇಳಿಯುತ್ತಿತ್ತು. ಸಿಕ್ಕಿತು ಎನ್ನುವಷ್ಟರಲ್ಲಿ ಮತ್ತೊಂದು ಮೊಳ ಇಳಿಯುತ್ತಿತ್ತು. ಇದನ್ನೇ ನಾನು ಶ್ರುತಿ ಹಚ್ಚುವುದು ಎಂದುಕೊಂಡೆನಲ್ಲ, ಎಂದು ತನ್ನ ಕಿವಿಯನ್ನು ತಾನೇ ಹಿಂಡಿಕೊಳ್ಳಬೇಕೆನಿಸಿತು.

ಮುಕ್ಕಾಲು ತಾಸು ಕಳೆಯಿತು. ತಬಲಾಕ್ಕೆ ಕೂತಿದ್ದ, ಮಸ್ಕಿಯವನೇ ಆದ ಹುಲಿಗೇಶ ಇನ್ನೂ ತೊಡೆಯ ಮೇಲೆ ಕೈಯಿಟ್ಟುಕೊಂಡೇ ಇದ್ದ. ಮುದುಕಮ್ಮನ ಎಡಗಾಲು ಜೋಮು ಹಿಡಿಯಿತು. ಮಣೆಯ ಮೇಲೆ ಕೂತು ರೂಢಿಯಾದವಳು, ನೆಲದ ಮೇಲೆ ಚಕ್ಕಳಮಕ್ಕಳ ಕೂತರೆ ಕಾಲು ಕೇಳೀತೇ? ಒಂದಿಷ್ಟು ಮಗ್ಗುಲು ಬದಲಿಸೋಣವೆಂದು ಅಂಗೈ ನೆಲಕ್ಕೂರಿ ಸೊಂಟ ಎತ್ತಿದಳು.

ಹಿಂದೆ ಬಳೆ ಸದ್ದಾಯಿತು.

ಆಮೇಲೆ ಸೀರೆಯ ಸರಬರ. ಒಂದು ಡಬ್ಬಿಯ ಮುಚ್ಚಳ. “ಏಳ ಏಳ” ಎಂಬ ಪಿಸುಮಾತು. ಹಿಂದಿನಿಂದ ಮೊಣಕಾಲು ನೆಟಿಗೆ ಮುರಿಯುವ ಸದ್ದು, ಹತ್ತು, ಇಪ್ಪತ್ತು, ಐವತ್ತು. ಮುದುಕಮ್ಮ ತಿರುಗಿ ನೋಡಬೇಕಾಗಿರಲಿಲ್ಲ. ಆ ಸದ್ದನ್ನು ಅವಳು ಐವತ್ತು ವರ್ಷ ಬೆನ್ನಿನಿಂದ ಕೇಳಿದ್ದಳು. ಜನ ಏಳುವ ಸದ್ದು! ಮುದುಕಮ್ಮ ಎದ್ದಳು, ಇಂಟರ್ವೆಲ್ ಆಯಿತು ಎಂದು ಕಲ್ಯಾಣಮಂಟಪಕ್ಕೆ ಮಂಟಪವೇ ಎದ್ದು ನಿಂತಿತ್ತು. ಬಾಗಿಲ ಬಳಿ ಚನ್ನವೀರ ಸರ್ ಎರಡೂ ಕೈ ಅಗಲಿಸಿ, ಓಡುವ ಎಮ್ಮೆಗಳಿಗೆ ಅಡ್ಡ ನಿಂತವರಂತೆ ನಿಂತಿದ್ದರು. ಗವಾಯಿಗಳ ಕಣ್ಣು ಇನ್ನೂ ಮುಚ್ಚಿತ್ತು.

ಮುದುಕಮ್ಮ ಉಸಿರು ಹಿಡಿದು, ಧೊಪ್ಪನೆ ಕೂತುಬಿಟ್ಟಳು. ಸತ್ತ ಕಾಲಿನ ಮೇಲೆಯೇ ಕೂತಳು. ಕಣ್ಣಲ್ಲಿ ನೀರು ಬಂತು.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಪದ್ಮಾವತಿ ಕೂತಳು. ಅವಳ ಸಾಲು ಕೂತಿತು. ಗಾಳಿಗೆ ಭತ್ತದ ಗದ್ದೆ ಮಲಗುವಂತೆ ಮುಂದಿನಿಂದ ಹಿಂದಿನವರೆಗೆ ಎಲ್ಲರೂ ಕೂತರು. ಗವಾಯಿಗಳು ಕಣ್ಣು ತೆರೆದಾಗ ಒಬ್ಬರೂ ಹೋಗಿರಲಿಲ್ಲ. ಸಿಂಧನೂರಿನ ಒಬ್ಬ ವ್ಯಾಪಾರಿ ಗಡಿಬಿಡಿಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತದ್ದು ಬಿಟ್ಟರೆ ಎಲ್ಲ ಸರಿಯಾಗಿಯೇ ಇತ್ತು. ಗವಾಯಿಗಳ ಹುಬ್ಬು ಸ್ವಲ್ಪ ಸಡಿಲಾಯಿತು.

“ಎದ್ದಾಕಿ ಯಾಕ ಕುಂತಿಬೇ?” ಪದ್ಮಾವತಿ ಬೆನ್ನಿಗೆ ತಿವಿದಳು.

“ಎದ್ದಿಲ್ಲ. ಕಾಲು ಜೋಮು ಹಿಡಿದಿತ್ತು.”

“ನಿನ್ನ ಕಾಲಿಗೆ ನಾವೆಲ್ಲಾ ಎದ್ದ್ವಲ್ಲ!”

“ಬಾಯಿ ಮುಚ್ಚು. ಇನ್ನ ನಾ ಹೆಣಾ ಆದ್ರೂ ಏಳಂಗಿಲ್ಲ.”

ಹೇಳಿದಂತೆಯೇ ನಡೆದಳು. ಅಲ್ಲಿಂದ ಮುಂದೆ ಕಲ್ಲಿನ ಬಸವಣ್ಣನಂತೆ ಕೂತಳು. ನೊಣ ಮೂಗಿನ ಮೇಲೆ ಕೂತರೆ ಊದಿ ಓಡಿಸಿದಳು, ಕೈ ಎತ್ತಲಿಲ್ಲ. ತಬಲಾ ಶುರುವಾಯಿತು, ದನಿ ಕುದುರೆ ಏರಿತು. ಒಂಬತ್ತು ಗಂಟೆಗೆ ಗವಾಯಿಗಳು ರಾಗ ಮುಗಿಸಿ ನೀರು ಕುಡಿದು, ಮೊದಲ ಸಲ ಮಾತಾಡಿದರು.

“ನಾ ಎಲ್ಲೆಲ್ಲೋ ಹಾಡೀನ್ರಿ. ಎರಡು ತಾಸಿನ್ಯಾಗ ಒಬ್ಬರೂ ಏಳದ ಜನ ಇದ ಮೊದಲು ನೋಡಿದ್ದು. ನಿಮಗಾಗಿ ಇನ್ನೊಂದು ರಾಗ.”

ಚನ್ನವೀರ ಸರ್ ಕಣ್ಣೊರೆಸಿಕೊಂಡರು. ಜನ ಮುದುಕಮ್ಮನ ಕುತ್ತಿಗೆ ನೋಡಿದರು. ಮುದುಕಮ್ಮ ಅಲುಗಲಿಲ್ಲ.

ಹತ್ತಕ್ಕೆ ಮತ್ತೊಂದು. ಹತ್ತೂವರೆಗೆ ವಚನ. ಈಗ ಚನ್ನವೀರ ಸರ್ ಅತ್ತದ್ದು ಸಂತೋಷಕ್ಕೋ ಹಸಿವಿಗೋ ಹೇಳುವುದು ಕಷ್ಟವಿತ್ತು. ತಂಬೂರಿಯ ಜೊತೆಗೆ ನೂರೈವತ್ತು ಹೊಟ್ಟೆಗಳೂ ಸಣ್ಣಗೆ ಶ್ರುತಿ ಹಿಡಿದಿದ್ದವು. ಪಾಮನಕಲ್ಲೂರಿನವರು ತಮ್ಮ ತಲೆ ಎಣಿಸಿಕೊಂಡರು. ಎಲ್ಲರೂ ಇದ್ದರು, ಅದೇ ಅವರ ದುಃಖ. ಜಿಲಾನಿಸಾಬ ಆಂಪ್ಲಿಫೈಯರಿನ ಹಿಂದಿನಿಂದ, “ಏಳಕ್ಕಾ, ಸಾಕು” ಎಂದು ಕೈಸನ್ನೆ ಮಾಡಿದ. ಅವಳು ಕಣ್ಣಲ್ಲೇ ಒಲ್ಲೆನೆಂದಳು. ಅವಳಿಗೂ ಹಿಟ್ಟಿನ ಚಿಂತೆ ಸುಡುತ್ತಿತ್ತು. ಇಷ್ಟು ಹೊತ್ತಿಗೆ ಗಟ್ಟಿಯಾಗಿ ಗೋಡೆಗೆ ಮೆತ್ತುವ ಹಾಗಾಗಿರುತ್ತದೆ. ಆದರೆ ಮೂವತ್ತೈದು ವರ್ಷದ ಮುಳ್ಳು ಅದಕ್ಕಿಂತ ಗಟ್ಟಿ. ಕುತ್ತಿಗೆಯನ್ನು ಗವಾಯಿಗಳ ಕಡೆಗೆ ನೆಟ್ಟು ಕೂತಳು. ಗವಾಯಿಗಳೂ ನಡುನಡುವೆ ಹಾಡು ನಿಧಾನಿಸಿ, ಮೂಗು ಎತ್ತಿ, ಏನೋ ಕಾಯುವವರಂತೆ ಬಾಗಿಲ ಕಡೆ ನೋಡಿ, ಮತ್ತೆ ಎತ್ತಿಕೊಳ್ಳುತ್ತಿದ್ದರು. ದೊಡ್ಡ ಗವಾಯಿಗಳ ಪದ್ಧತಿಯೇ ಹೀಗಿರಬಹುದೆಂದು ಅವಳು ಸುಮ್ಮನಾದಳು.

ಹನ್ನೊಂದೂವರೆಗೆ ಹುಲಿಗೇಶ ತಬಲಾ ಬಿಟ್ಟು ಎರಡೂ ಅಂಗೈಗಳನ್ನು ಗವಾಯಿಗಳ ಮುಂದೆ ಚಾಚಿ ತೋರಿಸಿದ. ಅವು ಕೆಂಪಗೆ, ಮಿರ್ಚಿಯಂತೆಯೇ ಊದಿದ್ದವು. ಗವಾಯಿಗಳು ನಿಟ್ಟುಸಿರುಬಿಟ್ಟು, ಕಚೇರಿ ಮುಗಿಸುವ ಭೈರವಿ ಹಾಡಿ ಕೈಮುಗಿದರು.

ಚಪ್ಪಾಳೆ ಬಿದ್ದೇ ಬಿದ್ದಿತು. ಅದರಲ್ಲಿ ಭಕ್ತಿಯೂ ಇತ್ತು, ಬಿಡುಗಡೆಯೂ ಇತ್ತು. ಆದರೂ ಒಬ್ಬರೂ ಏಳಲಿಲ್ಲ. ಇಬ್ಬರು ಹೆಂಗಸರು ತೋಳು ಹಿಡಿದು ಮುದುಕಮ್ಮನನ್ನು ಎಬ್ಬಿಸಿ ನಿಲ್ಲಿಸಿದಮೇಲೆಯೇ ಎಲ್ಲರೂ ಎದ್ದರು.

ಅಡುಗೆಮನೆಯಲ್ಲಿ ಅವಳು ಕುಂಟುತ್ತಲೇ ಒಲೆ ಹೊತ್ತಿಸಿದಳು. ಹಿಟ್ಟಿಗೆ ನೀರು ಹಾಕಿ ಬಡಿಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಗವಾಯಿಗಳು ಒಬ್ಬರೇ ಬಂದಿದ್ದರು, ಹಿಂದೆ ಹುಲಿಗೇಶ ಕೈ ಊದಿಕೊಳ್ಳುತ್ತ ನಿಂತಿದ್ದ.

ಇನ್ನು ಮುಚ್ಚಿಟ್ಟರೆ ಹಿಟ್ಟಿನಂತೆ ಹುಳಿಯುತ್ತದೆ ಎನಿಸಿತು ಮುದುಕಮ್ಮನಿಗೆ. ಕೈ ಸೆರಗಿಗೆ ಒರೆಸಿಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟಳು.

“ಗವಾಯಿಗಳ, ನಿಮ್ಮದು ಮೊದಲ ಕಚೇರಿ ಕೆಡಿಸಿದಾಕಿ ನಾನ ರೀ. ಮಸ್ಕಿ ಜನದ್ದು ತಪ್ಪಿಲ್ಲ. ನೀವು ಆಲಾಪ ಮಾಡಾಕತ್ತಿದ್ರಿ, ನಾ ಶ್ರುತಿ ಹಚ್ಚಾಕತ್ತ್ಯಾರ ಅಂತ ತಿಳದು ಎಣ್ಣಿ ಕಾಸಿದೆ. ನಾ ಎದ್ದೆ ಅಂತ ಜನ ಎದ್ರು.”

ಗವಾಯಿಗಳು ಬಗ್ಗಿ ಕಡಾಯಿಯನ್ನೇ ನೋಡಿದರು. ಎಣ್ಣೆ ಕಾಯತೊಡಗಿತು.

“ಮೂವತ್ತೈದು ವರ್ಷ ಇಡೀ ಊರಿನ ಮ್ಯಾಲ ಸಿಟ್ಟು ಇಟಗೊಂಡೀನಿ” ಎಂದರು. “ಈಗ ಅಷ್ಟೂ ನಿನ್ನ ಒಬ್ಬಾಕಿ ಮ್ಯಾಲ ಹಾಕಲೇನವ್ವ?”

“ಹಾಕ್ರಿ. ಆದ್ರ ತಿಂದು ಹಾಕ್ರಿ, ಖಾಲಿ ಹೊಟ್ಟಿಲೆ ಸಿಟ್ಟು ಒಳ್ಳೇದಲ್ಲ” ಎಂದು ಮೊದಲ ಘಾಣ ಎಣ್ಣೆಗೆ ಬಿಟ್ಟಳು.

ಚೊಂಯ್ ಎಂದು ಸದ್ದೆದ್ದಿತು, ಹೊಗೆಯ ಜೊತೆ ವಾಸನೆಯೂ ಎದ್ದಿತು. ಗವಾಯಿಗಳು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು. ತೆರೆದಾಗ ಅವರ ಮುಖದಲ್ಲಿ ಎಂಟು ವರ್ಷದ ಹುಡುಗನ ಪೆಚ್ಚುತನವಿತ್ತು.

“ಇದನ್ನ ಮೂರು ತಾಸು ಮೊದಲು ಮಾಡಬಾರದೇನವ್ವ? ನಾ ಗುರುಗುಂಟಿಯವ. ಸಣ್ಣವಿದ್ದಾಗ ಲಿಂಗಸುಗೂರ ಕ್ಯಾಂಪಿನ್ಯಾಗ ನಾಟಕ ನೋಡಿ ಬೆಳೆದಾವ. ಮಿರ್ಚಿ ವಾಸನಿ ಬಂದ್ರ ಅಂಕ ಮುಗೀತು. ಇವತ್ತ ಒಂಬತ್ತಕ್ಕ ಮುಗಿಸಬೇಕಂತನ ಬಂದಿದ್ದೆ. ಕಾರ್ಡಿನ್ಯಾಗ ನಾಷ್ಟಾ ಅಂತ ಹಾಕ್ಯಾರ, ವಾಸನಿ ಬರೂದರಾಗ ನಿಲ್ಲಿಸಿದ್ರ ಏನು ಮರ್ಯಾದಿ ಅಂತ ಹಾಡೇ ಹಾಡಿದೆ. ಬರವಲ್ದು, ಬರವಲ್ದು!”

“ಅಯ್ಯ ಶಿವನೇ! ನೀವು ನಿಲ್ಲಸೂತನಕ ಏಳಬಾರದಂತ ನಾ ಕುಂತೆ, ವಾಸನಿ ಬರೂತನಕ ನಿಲ್ಲಿಸಬಾರದಂತ ನೀವು ಹಾಡಿದ್ರಿ?”

“ನಡುವ ನಾ ಸತ್ತೆ” ಎಂದ ಹುಲಿಗೇಶ.

ಗವಾಯಿಗಳು ನಗತೊಡಗಿದರು. ಮೊದಲು ಸಣ್ಣಗೆ, ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು. ನಗೆ ನಿಂತಮೇಲೆ ಮೆಲ್ಲಗೆ ಹೇಳಿದರು. “ಅವತ್ತ ವಾಸನಿ ನನಗೂ ಬಂದಿತ್ತವ್ವ. ಹಾಡೂ ಹೊತ್ತಿನ್ಯಾಗ ಬಂತು. ಗೊತ್ತಾಗಿ ನಿಲ್ಲಿಸಬೇಕಿತ್ತು. ಸೊಕ್ಕು, ನಿಲ್ಲಿಸಲಿಲ್ಲ.”

ಮುದುಕಮ್ಮ ಝಾರಿಯಿಂದ ಮಿರ್ಚಿ ಎತ್ತಿ, ಎರಡನ್ನು ಆರಿಸಿ, ಒಳಗಿನ ಮೆಣಸಿನಕಾಯಿ ತೆಗೆದು ಮೇಲಿನ ಹಿಟ್ಟನ್ನಷ್ಟೇ ಕಾಗದದ ಮೇಲಿಟ್ಟು ಅವರಿಗೆ ಕೊಟ್ಟಳು. ಹಾಡುವ ಗಂಟಲು, ಖಾರ ಆಗದು. ಅವರು ಅದನ್ನು ಪಕ್ಕಕ್ಕೆ ಸರಿಸಿ, ಇಡೀ ಮಿರ್ಚಿಯೊಂದನ್ನೇ ಎತ್ತಿಕೊಂಡು ಕಚ್ಚಿದರು. ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು.

“ಖರೇ ಹೇಳವ್ವ. ಕಚೇರಿ ಹೆಂಗಿತ್ತು?”

ಹೊರಗೆ ನೂರೈವತ್ತು ಜನ ತಟ್ಟೆ ಬಡಿಯುತ್ತಿದ್ದರು. ಮುದುಕಮ್ಮ ಎರಡನೆಯ ಘಾಣ ಬಿಟ್ಟಳು. ತಾನು ಕೇಳಿದ್ದನ್ನು ಒಮ್ಮೆ ಮನಸ್ಸಿನಲ್ಲೇ ಮತ್ತೆ ಕೇಳಿಕೊಂಡಳು.

“ಛಲೋ ಇತ್ತು ರೀ. ಮೊದಲ ಆಲಾಪ ಭಾಳ ಛಲೋ ಇತ್ತು. ಎರಡನೇದ್ದರಾಗ ಮಾತ್ರ, ತಬಲಾ ಜೋರು ಹಿಡೀತಲ್ಲ, ಆಮ್ಯಾಲ ಒಂದು ಘಾಣದಷ್ಟು ಉದ್ದ ಆತು.”

ಗವಾಯಿಗಳು ತಟ್ಟನೆ ಹುಲಿಗೇಶನ ಕಡೆ ತಿರುಗಿದರು.

“ಕೇಳಿದ್ಯೇನೋ? ಅಲ್ಲೇ ನಾ ನಿನಗ ಮುಗಿಸು ಅಂತ ಕಣ್ಣು ಹೊಡೆದೆ. ನೀ ನೋಡಿದ್ಯಾ?”

“ನಾ ಮುದುಕವ್ವ ಏಳತಾಳೇನಂತ ನೋಡಾಕತ್ತಿದ್ದೆ ರೀ” ಎಂದು ಹುಲಿಗೇಶ ಊದಿದ ಕೈ ಮಿರ್ಚಿಯ ಬುಟ್ಟಿಗೆ ಚಾಚಿದ.